ಆರು ವಾರ ಕಾಯದೆ ಮನೆಗೇ ಹೋದೆ

ಹೆರಿಗೆ ಆದಮೇಲೆ "ಆರು ವಾರ ಬಿಟ್ಟು ಬನ್ನಿ" ಎಂದು ಕಳಿಸುವುದು ಎಷ್ಟೋ ಕಡೆ ರೂಢಿ. ಮಿಡ್‌ವೈಫ್ ಆಗಿ ಸ್ವಂತವಾಗಿ ಕೆಲಸ ಶುರುಮಾಡಿದಾಗ ನಾನು ಮೊದಲು ಕೈಹಾಕಿದ್ದು ಈ ರೂಢಿಗೇ. ಬಾಣಂತಿಗೆ ಯಾರಾದರೂ ಬೇಕೆನಿಸುವುದು ಅದಕ್ಕಿಂತ ಎಷ್ಟೋ ಮೊದಲು. ಎದೆಯಲ್ಲಿ ಹಾಲು ಕಟ್ಟಿಕೊಂಡು ನೋವಾಗುವುದು ಮೂರನೆಯ, ನಾಲ್ಕನೆಯ ದಿನ. ಕೂಸಿನ ಕಾಮಾಲೆ ಹೆಚ್ಚಾಗುವುದೂ ಸಾಮಾನ್ಯವಾಗಿ ಆ ಹೊತ್ತಿಗೇ. ಬಸಿರಿನಲ್ಲಿ ಸರಿಯಾಗಿದ್ದ ರಕ್ತದೊತ್ತಡ ಹೆರಿಗೆಯಾದ ಮೇಲೆ ಏರುವುದೂ ಉಂಟು. ಹೊಲಿಗೆ ಬಿದ್ದವಳು ಇಂಥ ದಿನಗಳಲ್ಲಿ ಕೂಸನ್ನೆತ್ತಿಕೊಂಡು ಬಂದು ಸರದಿಯಲ್ಲಿ ಕೂರಬೇಕೆನ್ನುವುದು ಯಾವ ನ್ಯಾಯ?

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕವನ್ನೇ ಹಿಡಿದೆ: ಮೊದಲ 24 ಗಂಟೆಯೊಳಗೆ, 48ರಿಂದ 72 ಗಂಟೆಯ ನಡುವೆ, 7ರಿಂದ 14 ದಿನದ ನಡುವೆ, ಆಮೇಲೆ ಆರನೆಯ ವಾರ. ನಡುವಿನ ಎರಡು ಭೇಟಿ ಮನೆಯಲ್ಲೇ. ಇವನ್ನು ಬಸಿರಿನ ಏಳನೆಯ ತಿಂಗಳಲ್ಲೇ ಗೊತ್ತುಮಾಡಿಬಿಡುತ್ತೇನೆ. ಹೆರಿಗೆಯಾದ ಮೇಲೆ ಫೋನ್ ಮಾಡಿ ಕರೆಯಲು ಅವಳಿಗೆ ಪುರುಸೊತ್ತೂ ಇರುವುದಿಲ್ಲ, ತ್ರಾಣವೂ ಇರುವುದಿಲ್ಲ.

ಮನೆಗೆ ಹೋದರೆ ತಪಾಸಣೆ ಕೋಣೆಯಲ್ಲಿ ಕಾಣದ್ದು ಕಾಣುತ್ತದೆ. ಅವಳು ಹೇಗೆ ಕೂತು ಹಾಲೂಡುತ್ತಾಳೆ, ರಾತ್ರಿ ಕೂಸನ್ನು ಎತ್ತಿಕೊಳ್ಳುವವರು ಯಾರು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ. ನಾನು ಮೊದಲು ಮಾತಾಡಿಸುವುದು ಮನೆಯ ಹಿರಿಯರನ್ನು. ಅವರ ಬಾಣಂತನ ಹೇಗಿತ್ತೆಂದು ಕೇಳಿದರೆ ಮುಖ ಅರಳುತ್ತದೆ. ಅವರನ್ನು ಬದಿಗಿಟ್ಟು ಹೇಳಿದ ಸಲಹೆ ನಾನು ಮೆಟ್ಟಿಲಿಳಿಯುವ ಮೊದಲೇ ಬಿದ್ದುಹೋಗುತ್ತದೆ. ಕೂಸನ್ನು ತೂಗುವಾಗಲೂ ಅವರೇ ಎದುರಿಗಿರಲಿ ಎನ್ನುತ್ತೇನೆ. ಮೊದಲ ದಿನಗಳಲ್ಲಿ ಕೂಸು ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕ ಮುಟ್ಟಬೇಕು. ಇದು ಗೊತ್ತಿಲ್ಲದ ಮನೆಯಲ್ಲಿ ಮೂರನೆಯ ದಿನವೇ "ಹಾಲು ಸಾಲದು" ಎಂಬ ತೀರ್ಪು ಬಂದುಬಿಡುತ್ತದೆ.

ದುಡ್ಡಿನ ಮಾತು. ಮೂರು ದರ ಇಟ್ಟೆ, ಯಾವುದು ಬೇಕೋ ಮನೆಯವರೇ ಆರಿಸಿಕೊಳ್ಳುತ್ತಾರೆ. ಆದಾಯದ ಪುರಾವೆ ಕೇಳುವುದಿಲ್ಲ; ಬಸಿರಿನಲ್ಲೇ ಕಂತು ಶುರುಮಾಡಬಹುದು. ಪೂರಾ ಬಿಟ್ಟಿ ಎಂದಾಗ ಸಂಕೋಚಪಟ್ಟು ಎರಡನೆಯ ಸಲ ಕರೆಯದವರು, ಚೂರಾದರೂ ಕೊಟ್ಟಾಗ ಧೈರ್ಯವಾಗಿ ಕರೆಯುತ್ತಾರೆ. ಅನುಕೂಲವಿದ್ದವರು ಕಡಿಮೆ ದರ ಆರಿಸಿಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆರಿಸಿಕೊಳ್ಳುವವರೂ ಇದ್ದಾರೆ, ಅದಕ್ಕೆ ನಾನು ನಿದ್ದೆಗೆಟ್ಟಿಲ್ಲ.

ಪ್ರತಿ ಮನೆಯ ಗೋಡೆಗೂ ಒಂದು ಹಾಳೆ ಅಂಟಿಸಿ ಬರುತ್ತೇನೆ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ಕಣ್ಣು ಮಂಜಾಗುವಂಥ ತಲೆನೋವು ಬಂದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಸ್ರಾವಕ್ಕೆ ಕೆಟ್ಟ ವಾಸನೆ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಉಸಿರಾಟದ ತೊಂದರೆ, ಹಾಲು ಕುಡಿಯದೆ ಮಂಕಾದ ಕೂಸು: ಇವುಗಳಲ್ಲಿ ಯಾವುದಿದ್ದರೂ ನನಗೆ ಕಾಯದೆ ಆಸ್ಪತ್ರೆಗೆ ಹೊರಡಿ ಎಂದು ಅದರಲ್ಲಿದೆ. ರಾತ್ರಿ ಗಾಡಿ ತರುವವರ ನಂಬರನ್ನು ಮನೆಯವರಿಂದಲೇ ಬರೆಸುತ್ತೇನೆ. ರಕ್ತದೊತ್ತಡ 140/90 ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸುತ್ತೇನೆ. 160/110 ಆದರೆ ಮಾತಿಲ್ಲ, ಗಾಡಿ ಹತ್ತಿಸುವುದೇ. ಇದನ್ನು ಪ್ರಸೂತಿ ತಜ್ಞರ ಜೊತೆ ಮೊದಲೇ ಕೂತು ಬರೆದುಕೊಂಡಿದ್ದೇವೆ. ಅಂಥ ಒಪ್ಪಂದವಿಲ್ಲದೆ ಮನೆ ಭೇಟಿಗೆ ಇಳಿಯಬೇಡಿ.

ಮನಸ್ಸಿನ ವಿಷಯಕ್ಕೆ ಬಾಣಂತಿಯ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿ ಇದೆ, ಹತ್ತೇ ಪ್ರಶ್ನೆ. ಮೊದಲ ದಿನಗಳ ಅಳು ಹೆಚ್ಚಿನವರಿಗೆ ತಾನಾಗಿಯೇ ಕಳೆಯುತ್ತದೆ. ಎರಡು ವಾರ ದಾಟಿಯೂ ಉಳಿದರೆ ವಿಷಯ ಬೇರೆ. ಬಾಗಿಲು ಹಾಕಿ, ಅವಳು ಮತ್ತು ಕೂಸು ಮಾತ್ರ ಇದ್ದಾಗ ಪ್ರಶ್ನಾವಳಿ ತುಂಬಿಸುತ್ತೇನೆ. ಓದಲು ಬಾರದವರಿಗೆ ನಾನೇ ಮೆಲ್ಲಗೆ ಕೇಳುತ್ತೇನೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ "ಇಲ್ಲವೇ ಇಲ್ಲ" ಅಲ್ಲದೆ ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಮುಂದಿನ ವ್ಯವಸ್ಥೆ ಆಗುವವರೆಗೆ ಆ ಮನೆ ಬಿಟ್ಟು ಹೊರಡುವುದಿಲ್ಲ. ಆ ದಿನದ ಉಳಿದ ಭೇಟಿಗಳನ್ನು ನನ್ನ ಜೊತೆಗಾತಿ ನೋಡಿಕೊಳ್ಳುತ್ತಾಳೆ. ಒಬ್ಬರೇ ಶುರುಮಾಡುವವರು ಇಂಥ ಒಬ್ಬ ಜೊತೆಗಾತಿಯನ್ನು ಮೊದಲೇ ಹುಡುಕಿಕೊಳ್ಳಿ.