ನ್ಯೂಜಿಲೆಂಡ್ ಆಫೀಸಿನ ಮಾರ್ನಿಂಗ್ ಟೀ: ಹೊಸದಾಗಿ ಬಂದವರಿಗೆ

ನ್ಯೂಜಿಲೆಂಡಿನಲ್ಲಿ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ನಿಮ್ಮ ಕ್ಯಾಲೆಂಡರಿನಲ್ಲಿ ‘ಮಾರ್ನಿಂಗ್ ಟೀ’ ಅಂತ ಒಂದು ಆಹ್ವಾನ ಬಂದು ಕೂರುತ್ತದೆ. ಬೆಳಗ್ಗೆ ಹತ್ತಕ್ಕೋ ಹತ್ತೂವರೆಗೋ ಇರುತ್ತದೆ. ನಮ್ಮವರಲ್ಲಿ ಸುಮಾರು ಜನ ‘ಟೀ ತಾನೇ, ಕೆಲಸ ಜಾಸ್ತಿ ಇದೆ’ ಅಂತ ಸೀಟಿನಲ್ಲೇ ಉಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಟೀಮಿನಲ್ಲಿ ಕೆಲಸ ಖಾಲಿಯಾಗಲಿದೆ, ಯಾವ ಬಡಾವಣೆಯ ಮನೆಗಳಲ್ಲಿ ಚಳಿಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆ, ಮಕ್ಕಳಿಗೆ ಯಾವ ಈಜು ಕ್ಲಾಸ್ ಒಳ್ಳೆಯದು, ಇದನ್ನೆಲ್ಲ ಮೀಟಿಂಗಿನಲ್ಲಿ ಯಾರೂ ಹೇಳುವುದಿಲ್ಲ. ಟೀ ಹಿಡಿದು ನಿಂತಾಗ ಹೇಳುತ್ತಾರೆ.

‘ಬಾಸ್ ಏನಂದುಕೊಳ್ಳುತ್ತಾರೋ’ ಅನ್ನುವ ಭಯ ಇದ್ದರೆ ಬಿಡಿ. ಟೀ ವಿರಾಮ ಇಲ್ಲಿ ಕಾನೂನಿನಲ್ಲೇ ಇದೆ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ 10 ನಿಮಿಷದ ಎರಡು ವಿರಾಮ, ಅದೂ ಸಂಬಳ ಸಹಿತ. ಅದರ ಜೊತೆ ಊಟಕ್ಕೆ 30 ನಿಮಿಷ. ಅದಕ್ಕೆ ಮಾತ್ರ ಸಂಬಳ ಕೊಡಬೇಕೆಂದಿಲ್ಲ. ಈಗಿರುವ ಈ ಲೆಕ್ಕ 2019ರ ಮೇ 6ರಿಂದ ನಡೆಯುತ್ತಿದೆ. ಕಟ್ಟಡದ ಕೆಲಸ, ಫ್ಯಾಕ್ಟರಿ, ತೋಟದ ಕೆಲಸಕ್ಕೆ ಹೋದವರು ಇದೇ ವಿರಾಮಕ್ಕೆ ‘ಸ್ಮೋಕೋ’ ಅನ್ನುವುದನ್ನು ಕೇಳುತ್ತೀರಿ. ಹೊಗೆ ಬಿಡಬೇಕಾಗಿಲ್ಲ, ಟೀ ಕುಡಿದರೆ ಸಾಕು.

ಟೀ ಯಾರೂ ತಂದುಕೊಡುವುದಿಲ್ಲ. ಮಾಡಿಕೊಳ್ಳಬೇಕು. ಅಡುಗೆ ಕೋಣೆಯ ಗೋಡೆಗೆ ಕುದಿನೀರು ಕೊಡುವ ಒಂದು ಯಂತ್ರ ಇರುತ್ತದೆ. ಕಂಪನಿ ಯಾವುದೇ ಇರಲಿ, ಎಲ್ಲರೂ ಅದನ್ನು ‘ಜಿಪ್’ ಅಂತಲೇ ಕರೆಯುತ್ತಾರೆ. ಬೆಲ್ ಅಥವಾ ದಿಲ್ಮಾ ಟೀ ಬ್ಯಾಗ್ ಇರುತ್ತದೆ, ಫ್ರಿಜ್ಜಿನಲ್ಲಿ ಹಾಲು. ನೀಲಿ ಮುಚ್ಚಳದ್ದು ಗಟ್ಟಿ ಹಾಲು, ಹಸಿರು ಮುಚ್ಚಳದ್ದು ಕೆನೆ ತೆಗೆದ ನೀರು ಹಾಲು. ನಮಗೆ ನೀಲಿಯೇ ಸರಿ. ಮಾಮೂಲಿ ಹಾಲು ಹಾಕಿದ ಟೀಗೆ ‘ಗಂಬೂಟ್ ಟೀ’ ಅನ್ನುತ್ತಾರೆ. ಅದು ನಮ್ಮ ಕುದಿಸಿದ ಟೀ ಆಗಲಾರದು, ಆಸೆ ಇಟ್ಟುಕೊಳ್ಳಬೇಡಿ. ಶುಂಠಿ, ಏಲಕ್ಕಿ ಟೀ ಬೇಕೆಂದರೆ ಮನೆಯಿಂದ ಫ್ಲಾಸ್ಕಿನಲ್ಲಿ ತನ್ನಿ. ಸ್ವಲ್ಪ ಜಾಸ್ತಿಯೇ ತನ್ನಿ, ಕೇಳುವವರು ಇರುತ್ತಾರೆ.

ನೀವು ಟೀ ಮಾಡಿಕೊಳ್ಳಲು ಏಳುವಾಗ ಅಕ್ಕಪಕ್ಕದವರನ್ನು ‘ನಿಮಗೂ ಬೇಕಾ?’ ಅಂತ ಕೇಳುವುದು ಮರ್ಯಾದೆ. ಹಾಲು ಎಷ್ಟು, ಸಕ್ಕರೆ ಎಷ್ಟು ಅಂತಲೂ ಕೇಳಿ. ನಮ್ಮ ಲೆಕ್ಕದಲ್ಲಿ ಎರಡು ಚಮಚ ಹಾಕಿಬಿಟ್ಟರೆ ಪಾಪ, ನಗುತ್ತಾ ಕುಡಿದು ಸಿಂಕಿಗೆ ಚೆಲ್ಲುತ್ತಾರೆ. ಕಪ್ ತೊಳೆಯುವುದು, ಡಿಶ್‌ವಾಷರ್ ಖಾಲಿ ಮಾಡುವುದು ಸರದಿಯಲ್ಲಿ ಬರುತ್ತದೆ. ಆಫೀಸಿನ ದೊಡ್ಡ ಮೇಡಂ ಕೂಡ ತೋಳು ಮಡಚಿ ಲೋಟ ತೊಳೆಯುತ್ತಿರುತ್ತಾರೆ. ಓಡಿಹೋಗಿ ಕೈಯಿಂದ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ನಿಂತು ಒರೆಸಿದರೆ ಸಾಕು.

ಇನ್ನು ತಿಂಡಿ. ಸಿಹಿ ಹೇಗೂ ಇರುತ್ತದೆ, ಆದರೆ ಮಾರ್ನಿಂಗ್ ಟೀ ಮೇಜಿನ ಜೀವಾಳ ಖಾರ-ಉಪ್ಪಿನ ತಿಂಡಿಯೇ. ‘ಸೇವರೀಸ್’ ಅಂದರೆ ಇಲ್ಲಿ ಬೆರಳುದ್ದದ ಪೈಗಳು, ಒಳಗೆ ಹೆಚ್ಚಾಗಿ ಕೊಚ್ಚಿದ ದನದ ಮಾಂಸ. ಸಾಸೇಜ್ ರೋಲ್ ಕೂಡ ಹಾಗೇ. ನೋಡಲು ನಮ್ಮ ಬೇಕರಿಯ ಪಫ್ ತರಹ ಇರುವುದರಿಂದ ಸಸ್ಯಾಹಾರಿಗಳು ಹುಷಾರಾಗಿರಬೇಕು. ಕೇಳಿ ತಿನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ‘ವೆಜಿಟೇರಿಯನ್’ ಅಂದರೆ ಇವರ ಲೆಕ್ಕದಲ್ಲಿ ಮೊಟ್ಟೆ ಸೇರಿರುತ್ತದೆ. ಮೊಟ್ಟೆ ತಿನ್ನದವರು ಅದನ್ನು ಬಿಡಿಸಿ ಹೇಳಬೇಕು. ಸಿಹಿಯಲ್ಲೂ ಒಂದು ಕಣ್ಣಿಡಿ. ಮಾರ್ಷ್‌ಮ್ಯಾಲೋ, ಬಹಳಷ್ಟು ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯದ್ದು. ಚೀಸ್ ಸ್ಕೋನ್, ಅಂದರೆ ಚೀಸ್ ಹಾಕಿ ಬೇಯಿಸಿದ ಬನ್ ತರಹದ ತಿಂಡಿ, ಅದು ಮಾತ್ರ ನಮ್ಮವರ ಪಾಲಿನ ದೇವರು. ಬಿಸಿ ಇದ್ದಾಗ ಬೆಣ್ಣೆ ಸವರಿ ತಿನ್ನಬೇಕು. ಹಿಟ್ಟು, ಬೆಣ್ಣೆ, ಹಾಲು, ಚೀಸ್ ಇಷ್ಟರಲ್ಲೇ ಮಾಡುವವರು ಬಹಳ, ಆದರೂ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಬಿಡಿ. ದಕ್ಷಿಣದ ಡನೀಡನ್, ಇನ್ವರ್‌ಕಾರ್ಗಿಲ್ ಕಡೆ ಕೆಲಸ ಸಿಕ್ಕಿದವರಿಗೆ ‘ಚೀಸ್ ರೋಲ್’ ಸಿಗುತ್ತದೆ. ತುರಿದ ಚೀಸ್, ಈರುಳ್ಳಿ ಸೂಪಿನ ಪುಡಿ, ಸಕ್ಕರೆ ಇಲ್ಲದ ಗಟ್ಟಿಸಿದ ಹಾಲು (ಇವಾಪೊರೇಟೆಡ್ ಮಿಲ್ಕ್) ಕಲಸಿ ಬ್ರೆಡ್ಡಿಗೆ ಸವರಿ, ಸುರುಳಿ ಸುತ್ತಿ ಟೋಸ್ಟ್ ಮಾಡುತ್ತಾರೆ. ಉತ್ತರ ದ್ವೀಪದವರಿಗೆ ಇದರ ಗೋಜು ಅಷ್ಟಿಲ್ಲ, ದಕ್ಷಿಣದವರಿಗೆ ಅದೇ ಪ್ರಾಣ.

ಆಹ್ವಾನದಲ್ಲಿ ‘ಬ್ರಿಂಗ್ ಎ ಪ್ಲೇಟ್’ ಅಂತ ಇದ್ದರೆ ತಟ್ಟೆಯ ತುಂಬ ತಿಂಡಿ ತರಬೇಕು. ಖಾಲಿ ತಟ್ಟೆ ಹಿಡಿದು ಬಂದ ಹೊಸಬರ ಕಥೆ ಇಲ್ಲಿ ಪ್ರತಿ ಆಫೀಸಿನಲ್ಲೂ ಒಂದಿರುತ್ತದೆ. ‘ಶೌಟ್’ ಅಂದರೆ ಖರ್ಚು ಹೇಳಿದವರದ್ದು. ಹುಟ್ಟುಹಬ್ಬ ಇದ್ದವರೇ ಕೇಕ್ ತರುವ ಆಫೀಸುಗಳು ಜಾಸ್ತಿ. ನಿಮ್ಮ ಹುಟ್ಟುಹಬ್ಬಕ್ಕೆ ಯಾರೂ ಏನೂ ತರಲಿಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುವ ಮೊದಲು ಅಲ್ಲಿಯ ಪದ್ಧತಿ ವಿಚಾರಿಸಿ. ಕೆಲವು ಕಡೆ ‘ಸೋಷಿಯಲ್ ಕ್ಲಬ್’ ಅಂತ ಸಂಬಳದಲ್ಲಿ ಚೂರು ಹಿಡಿಯುತ್ತಾರೆ, ಇಂಥ ಖರ್ಚು ಅದರಿಂದಲೇ ನಡೆಯುತ್ತದೆ. ಸೇರಿಕೊಳ್ಳಿ.

ನಿಮ್ಮ ಸರದಿ ಬಂದಾಗ ಏನು ತರಬೇಕು? ನನ್ನ ಮೊದಲ ಓಟು ಕೋಡುಬಳೆಗೆ. ಒಣ ತಿಂಡಿ, ವಾಸನೆ ಇಲ್ಲ, ಬಿಸಿ ಮಾಡಬೇಕಿಲ್ಲ, ಇನ್ನೊಂದು ಕೈಯಲ್ಲಿ ಲೋಟ ಹಿಡಿದೇ ತಿನ್ನಬಹುದು. ಖಾರದ ಪುಡಿ ಮನೆಯ ಅಳತೆಯ ಮೂರನೇ ಒಂದು ಪಾಲು ಹಾಕಿ. ನಿಪ್ಪಟ್ಟು, ಖಾರದ ಅವಲಕ್ಕಿ, ಅಯ್ಯಂಗಾರ್ ಬೇಕರಿ ಥರದ ಖಾರಾ ಬಿಸ್ಕೆಟ್ ಎಲ್ಲ ಚೆನ್ನಾಗಿ ಹೋಗುತ್ತವೆ. ಬಿಸ್ಕೆಟ್ ಓವನ್ನಿನಲ್ಲೇ ಆಗುತ್ತದೆ, ಇಲ್ಲಿಯ ಬೆಣ್ಣೆಗೆ ರುಚಿಯೂ ಬೇರೆ. ಮದ್ದೂರು ವಡೆ ತಣ್ಣಗಾದ ಮೇಲೂ ಕೆಡುವುದಿಲ್ಲ, ಆದರೆ ಈರುಳ್ಳಿ ವಾಸನೆ ಬಸ್ಸಿನಲ್ಲಿ ನಿಮಗಿಂತ ಮುಂಚೆ ಹತ್ತುತ್ತದೆ. ಗಿರಮಿಟ್, ಚುರುಮುರಿ ಕಲಸುವ ಆಸೆ ಇದ್ದರೆ ಅಲ್ಲೇ ನಿಂತು ಕಲಸಿ. ತಂದಿಟ್ಟರೆ ಮೆತ್ತಗಾಗುತ್ತದೆ. ಉಪ್ಪಿಟ್ಟು ಬೇಡ. ಇಷ್ಟಪಡುವವರು ನಮ್ಮಲ್ಲೇ ಅರ್ಧ ಜನ. ಕರಿಯಲು ಇಲ್ಲಿ ಅಕ್ಕಿ ತವುಡಿನ ಎಣ್ಣೆ ಎಲ್ಲ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತದೆ, ಕಾವು ಚೆನ್ನಾಗಿ ತಡೆಯುತ್ತದೆ. ಆಫೀಸಿನ ಅಡುಗೆ ಕೋಣೆಯಲ್ಲಿ ಮಾತ್ರ ಒಗ್ಗರಣೆ ಹಾಕಲೇಬೇಡಿ. ಹೊಗೆಗೆ ಅಲಾರಂ ಬಡಿದುಕೊಂಡರೆ ಇಡೀ ಕಟ್ಟಡ ಬೀದಿಗೆ ಇಳಿಯುತ್ತದೆ.

ತಿಂಡಿಯ ಪಕ್ಕ ಒಂದು ಚೀಟಿ ಇಡಿ. ಹೆಸರಿಗಿಂತ ಅದರೊಳಗೆ ಏನಿದೆ ಅನ್ನುವುದು ಮುಖ್ಯ. ಕಡಲೇಕಾಯಿ, ಗೋಡಂಬಿ, ಎಳ್ಳು, ಗೋಧಿ, ಹಾಲು ಇದ್ದರೆ ಬರೆಯಲೇಬೇಕು. ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ. ನಮ್ಮವರು ಎಡವುವುದು ಇಂಗಿನಲ್ಲಿ. ಚಕ್ಕುಲಿ ಅಕ್ಕಿ ಹಿಟ್ಟಿನದ್ದು, ಗ್ಲುಟನ್ ಇಲ್ಲ ಅಂತ ಧೈರ್ಯವಾಗಿ ಬರೆದುಬಿಡುತ್ತೇವೆ. ಆದರೆ ಡಬ್ಬಿಯ ಇಂಗಿಗೆ ಬಹಳ ಸಲ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿ ತಿರುಗಿಸಿ ಓದಿ. ಊರಿನಿಂದ ಬರುವಾಗ ತಿಂಡಿ ತರುವವರು ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಹೇಳಿ ತೋರಿಸಿ. ಒಳಗೆ ಬಿಡುತ್ತಾರೋ ಇಲ್ಲವೋ ಅವರು ನಿರ್ಧರಿಸಲಿ. ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ಅಮ್ಮ ಕಟ್ಟಿಕೊಟ್ಟದ್ದು ಅಂದರೂ ಬಿಡುವುದಿಲ್ಲ.

ಬಡಿಸುವ ವಿಷಯದಲ್ಲಿ ನಮ್ಮ ಅಭ್ಯಾಸ ಒಂದನ್ನು ಬದಲಿಸಿಕೊಳ್ಳಬೇಕು. ನಾವು ‘ಇನ್ನೊಂದು ತಗೊಳ್ಳಿ, ಒಂದೇ ಒಂದು’ ಅಂತ ಮೂರು ಸಲ ಹೇಳುತ್ತೇವೆ. ಇಲ್ಲಿ ಒಂದು ಸಲ ಕೇಳಿ, ಬೇಡ ಅಂದರೆ ಬಿಡಿ. ಒತ್ತಾಯ ಮಾಡಿದರೆ ಅವರಿಗೆ ಮುಜುಗರ. ತೊಂದರೆ ಆಗುವುದು ಇದರ ಉಲ್ಟಾ ಕಡೆಗೆ. ಯಾರಾದರೂ ನಿಮಗೆ ಕೊಡಲು ಬಂದರೆ ನೀವು ಸಂಕೋಚಕ್ಕೆ ‘ಬೇಡ ಬೇಡ’ ಅನ್ನುತ್ತೀರಿ, ಎರಡನೇ ಸಲ ಕೇಳಲಿ ಅಂತ ಕಾಯುತ್ತೀರಿ. ಕೇಳುವುದಿಲ್ಲ! ತಟ್ಟೆ ಮುಂದಿನವರ ಹತ್ತಿರ ಹೋಗಿರುತ್ತದೆ. ಬೇಕು ಅನ್ನಿಸಿದರೆ ಮೊದಲ ಸಲವೇ ಹೂಂ ಅನ್ನಿ.

ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಪದ್ಧತಿಗಳನ್ನು ತಿಳಿದುಕೊಂಡೇ ಹೋಗಿ. ಸರ್ಕಾರಿ ಕಚೇರಿ, ಆಸ್ಪತ್ರೆ, ಯೂನಿವರ್ಸಿಟಿಗಳಲ್ಲಿ ತಿನ್ನುವ ಮೊದಲು ‘ಕರಕಿಯಾ’ ಅಂತ ಒಂದು ಪುಟ್ಟ ಪ್ರಾರ್ಥನೆ ಹೇಳುತ್ತಾರೆ. ಅದು ಮುಗಿಯುವ ತನಕ ಬಾಯಿಗೆ ಏನೂ ಹಾಕಬೇಡಿ. ಮೇಜಿನ ಮೇಲೆ ಕೂರಬಾರದು. ಬ್ಯಾಗು, ಟೋಪಿಯನ್ನು ಊಟದ ಮೇಜಿನ ಮೇಲೆ ಇಡಬಾರದು. ಇನ್ನೊಬ್ಬರ ತಲೆಯ ಮೇಲಿಂದ ತಿಂಡಿ ದಾಟಿಸಬಾರದು. ಪಾತ್ರೆ ಒರೆಸುವ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬಾರದು. ಮಡಿ, ಮುಸುರೆ, ಎಂಜಲು ಅಂತ ಕೇಳುತ್ತಾ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ? ಇಲ್ಲಿ ಹುಟ್ಟಿದ ಕೆಲವರಿಗಿಂತ ನಮ್ಮವರು ಇದನ್ನು ಬೇಗ ಕಲಿಯುವುದನ್ನು ನೋಡಿದ್ದೇನೆ. ಹೊಸಬರನ್ನು ‘ಮಿಹಿ ಫಕತೌ’ ಮಾಡಿ ಬರಮಾಡಿಕೊಳ್ಳುವ ಆಫೀಸುಗಳೂ ಇವೆ. ಭಾಷಣ, ಹಾಡು ಆದ ಮೇಲೆ ಎಲ್ಲರೂ ಸೇರಿ ತಿನ್ನುತ್ತಾರೆ. ಆ ತಿನ್ನುವುದೂ ವಿಧಿಯ ಭಾಗವೇ. ಒಟ್ಟಿಗೆ ತಿಂದಾಗಲೇ ಬಂದವರು ಅತಿಥಿಗಳಾಗಿ ಉಳಿಯದೆ ಮನೆಯವರಾಗುತ್ತಾರೆ. ಉಪವಾಸವೋ ಇನ್ನೇನೋ ಇದ್ದರೂ ಒಂದು ಹಣ್ಣಿನ ಚೂರಾದರೂ ತಗೊಳ್ಳಿ, ಇಲ್ಲದಿದ್ದರೆ ಒಂದು ಗುಟುಕು ಟೀ.

ಮಾತಿಗೆ ವಿಷಯ ಹುಡುಕಬೇಕಿಲ್ಲ. ಹವಾಮಾನ, ವಾರಾಂತ್ಯ, ತೋಟ, ರಗ್ಬಿ ಸಾಕು. ಸಂಬಳ, ಮನೆಯ ಬೆಲೆ, ಮದುವೆ ಯಾವಾಗ, ಈ ಮೂರನ್ನು ನೀವಾಗಿ ಎತ್ತಬೇಡಿ. ಆಮೇಲೆ ಅವರೇ ಮನೆಯ ಬೆಲೆ ಬಗ್ಗೆ ಶುರು ಮಾಡುತ್ತಾರೆ, ಆಗ ನಿಲ್ಲಿಸುವುದು ಕಷ್ಟ.

ಸ್ವಲ್ಪ ಪಳಗಿದ ಮೇಲೆ ದೀಪಾವಳಿಗೋ ರಾಜ್ಯೋತ್ಸವಕ್ಕೋ ನೀವೇ ಒಂದು ಮಾರ್ನಿಂಗ್ ಟೀ ಕರೆಯಿರಿ. ಜೂನ್ ಅಥವಾ ಜುಲೈಯಲ್ಲಿ ಬರುವ ಮಾತಾರಿಕಿ, ಅಂದರೆ ಮಾವೊರಿ ಹೊಸ ವರ್ಷ, 2022ರಿಂದ ರಜೆಯ ಹಬ್ಬ, ಅದಕ್ಕೂ ಎಲ್ಲರೂ ಏನಾದರೂ ತರುತ್ತಾರೆ. ತಲೆಗೆ ಎರಡು ಕೋಡುಬಳೆ ಲೆಕ್ಕ ಹಾಕಿ, ಮದುವೆ ಮನೆಗೆ ಮಾಡಿದಂತೆ ಮಾಡಬೇಡಿ. ಮಿಕ್ಕಿದ್ದನ್ನು ಅಡುಗೆ ಕೋಣೆಯಲ್ಲಿ ‘ಯಾರು ಬೇಕಾದರೂ ತಗೊಳ್ಳಿ’ ಅಂತ ಬರೆದಿಟ್ಟರೆ ಮಧ್ಯಾಹ್ನ ಮೂರರ ಟೀ ಹೊತ್ತಿಗೆ ಖಾಲಿ. ಡಬ್ಬಿಯ ಅಡಿಗೆ ನಿಮ್ಮ ಹೆಸರು ಬರೆದಿರಿ, ಅದೇ ದಿನ ಸಂಜೆ ಮನೆಗೆ ಒಯ್ಯಿರಿ. ಕೆಲವು ಆಫೀಸುಗಳಲ್ಲಿ ಶುಕ್ರವಾರ ಸಂಜೆ ಅಡುಗೆ ಕೋಣೆಯಲ್ಲಿ ವಾರಸುದಾರರಿಲ್ಲದ ಡಬ್ಬಿಗಳನ್ನೆಲ್ಲ ಕಸಕ್ಕೆ ಹಾಕುತ್ತಾರೆ. ಸ್ಟೀಲ್ ಡಬ್ಬಿಯಾದರೂ ಅಷ್ಟೇ.