ಬಿಸಿಲೇರುವ ಮುಂಚೆ: ಸೈಕಲ್ಲು, ಜೋಳದ ನಾನ್‌ಖಟಾಯಿ, ಮುತ್ತುಗದ ಬಣ್ಣ

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ. ಅಲ್ಲಿಂದ ಯುಗಾದಿ ತನಕ ಸಿಗುವುದಷ್ಟೇ ಬೀದರಿನ ವಸಂತ. ಊರು ಸುಮಾರು 700 ಮೀಟರ್ ಎತ್ತರದ ಕೆಂಪು ಜಂಬಿಟ್ಟಿಗೆ ದಿಬ್ಬದ ಮೇಲಿರುವುದರಿಂದ ಕಲಬುರಗಿಯವರಿಗಿಂತ ನಮಗೆ ಬೆಳಗಿನ ತಂಪು ತುಸು ಹೆಚ್ಚು. ಆದರೂ ಮಾರ್ಚಿನಲ್ಲಿ ಹೊತ್ತು ಮಾರುದ್ದ ಏರಿತೆಂದರೆ ಬೆನ್ನು ಚುರುಗುಟ್ಟುತ್ತದೆ. ಹಾಗಾಗಿ ಈ ದಿನಗಳಲ್ಲಿ ನನ್ನ ಕೆಲಸಗಳನ್ನು ಬಿಸಿಲೇ ಹಂಚಿಕೊಡುತ್ತದೆ: ನಸುಕಿಗೆ ಸೈಕಲ್ಲು, ಮುಂಜಾನೆ ಹಿಟ್ಟು, ಮಧ್ಯಾಹ್ನ ಬಣ್ಣ ಮತ್ತು ಸೂಜಿ.

ಸೈಕಲ್ಲಿಗೆ ಅಷ್ಟೂರಿನ ದಾರಿಯೇ ವಾಸಿ. ಚೌಖಂಡಿ ಎಂಬ ಹಳೆಯ ಸಮಾಧಿ ದಾಟಿ ಬಹಮನಿ ಸುಲ್ತಾನರ ಗುಮ್ಮಟಗಳ ತನಕ ದೂರವೇನಿಲ್ಲ, ಹೋಗುವಾಗ ಇಳಿಜಾರು. ಬರುವಾಗಿನ ಏರು ಮಾತ್ರ ಉಸಿರು ಕೇಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಹೊರಟರೆ ಹೋಗುವಾಗ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಬರುವಾಗ ಅದು ಬೆನ್ನಿಗೆ ಬೀಳುತ್ತದೆ. ಬಾಟಲಿಯಲ್ಲಿ ಉಪ್ಪು-ನಿಂಬೆ ನೀರು, ಚೀಲದಲ್ಲಿ ಪಂಕ್ಚರ್ ಸಾಮಾನು ಸಾಕು. ಗಾಳಿ ಇಳಿದರೆ ಹತ್ತಕ್ಕೆ ಒಂಬತ್ತು ಸಲ ಬಳ್ಳಾರಿ ಜಾಲಿ ಮುಳ್ಳೇ. ಟ್ಯೂಬಿಗೆ ತೇಪೆ ಹಾಕಿದರೆ ಕೆಲಸ ಮುಗಿಯಲಿಲ್ಲ, ಮುರಿದ ಮುಳ್ಳಿನ ತುದಿ ಟೈರಿನೊಳಗೆ ಕೂತಿರುತ್ತದೆ. ಬೆರಳಿಗೆ ಒಂದಿಷ್ಟು ಹತ್ತಿ ಹಿಡಿದು ಟೈರಿನ ಒಳಮೈ ಸವರಿ. ಮುಳ್ಳು ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಬೀಳುತ್ತದೆ, ಬೆರಳೂ ಉಳಿಯುತ್ತದೆ.

ಈ ಹೊತ್ತಿಗೆ ಹಿಂಗಾರಿ ಬಿಳಿಜೋಳ ರಾಶಿಯಾಗಿ ಮನೆಗೆ ಬಂದಿರುತ್ತದೆ. ಹೊಸ ಜೋಳದ ಹಿಟ್ಟಿನ ನಾನ್‌ಖಟಾಯಿಗೆ ನನ್ನ ಅಳತೆ ಇದು: ಜೋಳದ ಹಿಟ್ಟು 100 ಗ್ರಾಂ, ಮೈದಾ 60, ಕಡಲೆಹಿಟ್ಟು 40, ಸಕ್ಕರೆ ಪುಡಿ 100, ತುಪ್ಪ 110, ಒಂದು ಚಿಟಿಕೆ ಅಡುಗೆ ಸೋಡಾ, ಏಲಕ್ಕಿ. ಬರೀ ಜೋಳದಲ್ಲಿ ಮಾಡಲು ಹೋಗಬೇಡಿ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಎತ್ತಿದರೆ ಕೈಯಲ್ಲೇ ಪುಡಿಯಾಗುತ್ತದೆ. ಜೋಳದ ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದು, ಪೂರ್ತಿ ಆರಿಸಿಕೊಳ್ಳಬೇಕು.

ಇಲ್ಲಿ ಎಲ್ಲವೂ ನಿಂತಿರುವುದು ತುಪ್ಪದ ಮೇಲೆ. ಅದು ಮುದ್ದೆಯಾಗಿದ್ದಾಗ ಸಕ್ಕರೆ ಹಾಕಿ ತಿಕ್ಕಿದರೆ ಬಿಳಿಚಿ ಹಗುರಾಗುತ್ತದೆ, ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ, ಉಂಡೆ ಒಲೆಯೊಳಗೆ ಹರಡಿ ತಟ್ಟೆಗೆ ಅಂಟುತ್ತದೆ. ಮಾರ್ಚಿನ ಮಧ್ಯಾಹ್ನ ಬೀದರಿನ ಯಾವ ಅಡುಗೆಮನೆಯಲ್ಲೂ ತುಪ್ಪ ಗಟ್ಟಿ ನಿಲ್ಲದು. ನಮ್ಮ ಓಣಿಯಲ್ಲಿ ಈಗಲೂ ಹಿಟ್ಟು, ಸಕ್ಕರೆ, ತುಪ್ಪ ಕಟ್ಟಿಕೊಂಡು ಬೇಕರಿ ಭಟ್ಟಿಗೆ ಹೋಗಿ ಬೇಯಿಸಿಕೊಂಡು ಬರುವವರಿದ್ದಾರೆ. ಭಟ್ಟಿಯವನದು ಒಂದೇ ಕರಾರು: “ಅಕ್ಕಾ, ತುಪ್ಪ ಗಟ್ಟಿ ಇದ್ರ ತರ್ರಿ, ನೀರಾಗಿದ್ರ ನಾಳಿ ನಸುಕ್ನ್ಯಾಗ ಬರ್ರಿ.” ಬ್ರೆಡ್ಡಿನ ತಟ್ಟೆಗಳು ಹೊರಬಂದ ಮೇಲೆ ಇಳಿಯುತ್ತಿರುವ ಕಾವಿನಲ್ಲಿ ಅವನು ಬಿಸ್ಕೀಟು ಇಡುತ್ತಾನೆ, ಆ ಬಣ್ಣ ಮನೆಯಲ್ಲಿ ಬರುವುದು ಕಷ್ಟ. ಆದರೂ ಮನೆಯ ಓವನ್ನಿನಲ್ಲಿ ಮೊದಲೇ ಕಾಯಿಸಿ, 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಇಟ್ಟರೆ ಸರಿ. ತೆಗೆದಾಗ ಮೆತ್ತಗಿರುತ್ತದೆ, ಹಸಿಯಿದೆ ಎಂದು ಮತ್ತೆ ಒಳಗೆ ತಳ್ಳಬೇಡಿ, ಆರುತ್ತಾ ಗಟ್ಟಿಯಾಗುತ್ತದೆ.

ಇನ್ನು ಮುತ್ತುಗ. ಹೊಲದ ಬದುವಿನಲ್ಲಿ ಎಲೆಯೆಲ್ಲ ಉದುರಿಸಿ ಕೆಂಡದಂತೆ ನಿಂತಿರುವ ಮರ ಕಂಡಲ್ಲಿ ಸೈಕಲ್ ನಿಲ್ಲಿಸಿ, ಬುಡದಲ್ಲಿ ಬಿದ್ದ ಹೂ ಮಾತ್ರ ಆರಿಸುತ್ತೇನೆ. ನೆರಳಲ್ಲಿ ಒಣಗಿಸಿದ ಹೂ, ಬಟ್ಟೆಯ ತೂಕದಷ್ಟೇ ಬೇಕು. ಹತ್ತಿ ಬಟ್ಟೆ ಸುಮ್ಮನೆ ಬಣ್ಣ ಹಿಡಿಯುವುದಿಲ್ಲ. 100 ಗ್ರಾಂ ಬಟ್ಟೆಯನ್ನು ಮೊದಲು 20 ಗ್ರಾಂ ಅಳಲೆಕಾಯಿ ಪುಡಿಯ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ ಹಿಂಡಿ ಒಣಗಿಸಿ, ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ಅದ್ದಬೇಕು. ಅಳಲೆಯ ಒಗರು ಪಟಿಕವನ್ನು ಹಿಡಿದುಕೊಳ್ಳುತ್ತದೆ, ಪಟಿಕ ಬಣ್ಣವನ್ನು. ಹೂವನ್ನು ಸ್ಟೀಲ್ ಪಾತ್ರೆಯಲ್ಲಿ ಒಂದು ತಾಸು ಕುದಿಸಿ ಸೋಸಿ, ಅದರಲ್ಲಿ ಬಟ್ಟೆ ಹಾಕಿ ಮತ್ತೆ ಸಣ್ಣ ಉರಿಯಲ್ಲಿಡುತ್ತೇನೆ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪಿಡುತ್ತದೆ. ಹೊಳೆಯುವ ಹಳದಿ ಬರುತ್ತದೆ. ಬಟ್ಟೆಯ ಒಂದು ಮೂಲೆಯನ್ನು ಸುಣ್ಣದ ತಿಳಿನೀರಿಗೆ ಮುಟ್ಟಿಸಿದರೆ ನೋಡನೋಡುತ್ತಿದ್ದಂತೆ ಕಿತ್ತಳೆಗೆ ತಿರುಗುತ್ತದೆ. ಎಷ್ಟು ಸಲ ಮಾಡಿದರೂ ಈ ಗಳಿಗೆಗೆ ಕೆಲಸ ಬಿಟ್ಟು ನಿಂತುಬಿಡುತ್ತೇನೆ.

ಮುತ್ತುಗದ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ, ಬೇಗ ಮಾಸುತ್ತದೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಅಷ್ಟೂರಿನ ಗುಮ್ಮಟದೊಳಗಿನ ಚಿತ್ತಾರ ಇನ್ನೂ ಕಾಣುತ್ತದೆ. ಅದು ಬೇರೆ ಬಣ್ಣ, ಬೇರೆ ಕೆಲಸ, ಆದರೆ ಒಳಗಿನ ಕತ್ತಲೂ ಅದನ್ನು ಕಾದಿರಬೇಕು ಅಂತ ನನ್ನ ಗುಮಾನಿ. ಅದಕ್ಕೇ ಈ ತುಂಡುಗಳನ್ನು ಪರದೆಗೆ ಬಳಸದೆ ಕೌದಿಯ ಮೂಲೆಗೆ, ನಡುವಿಗೆ ತೇಪೆಯಾಗಿ ಹಚ್ಚುತ್ತೇನೆ. ಕೆಳಗೆ ಹಳೆಯ ನೂಲಿನ ಸೀರೆಗಳ ಮೂರ್ನಾಲ್ಕು ಪದರ. ಬಾಜು ಮನೆಯ ಅಜ್ಜಿ ನನ್ನ ಹೊಲಿಗೆ ನೋಡಿದಾಗೆಲ್ಲ ಹೇಳುವುದು ಒಂದೇ: “ಯವ್ವಾ, ದಾರ ಜಗ್ಗಬ್ಯಾಡ, ಕೌದಿ ಮುದುಡ್ತದ.” ಅಂಚಿನಿಂದ ಸುತ್ತುತ್ತಾ ನಡುವಿಗೆ ಬರಬೇಕು, ನಾಲ್ಕು ಬೆರಳಿಗೊಮ್ಮೆ ಅಂಗೈಯಿಂದ ಪದರ ಸವರಬೇಕು.

ಒಗೆಯುವಾಗ ಬಟ್ಟೆ ಸೋಪು ಬೇಡ. ಅದರ ಕ್ಷಾರಕ್ಕೆ ಹಳದಿ ಕೆಂಪಡರುತ್ತದೆ. ಅಂಟುವಾಳದ ನೀರಲ್ಲಿ ಬೇರೆಯಾಗಿ ಅದ್ದಿ, ತಿರುವಿ ಹಿಂಡದೆ, ಒಳಮೈ ಮೇಲೆ ಮಾಡಿ ಪಡಸಾಲೆಯ ನೆರಳಲ್ಲಿ ಹರವಿ.