ಹಳೇ ಕಂಪ್ಯೂಟರ್: ಸ್ವಿಚ್ ಒತ್ತುವ ಮುಂಚೆ ಮುಚ್ಚಳ ಬಿಚ್ಚಿ

ಐದಾರು ವರ್ಷ ಮೂಲೆಯಲ್ಲಿ ಬಿದ್ದಿದ್ದ ಕಂಪ್ಯೂಟರ್ ಹೊರಗೆ ತಂದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಪ್ಲಗ್ ಹಾಕಿ ಸ್ವಿಚ್ ಒತ್ತುವುದು. ಸ್ವಲ್ಪ ತಡೆಯಿರಿ. ಒಳಗೆ ದೂಳು ಗಟ್ಟಿಯಾಗಿ ಕೂತಿರುತ್ತದೆ, ಫ್ಯಾನ್ ಜಾಮ್ ಆಗಿರಬಹುದು, ಜಿರಲೆ ಸಂಸಾರ ಹೂಡಿದ್ದರೂ ಆಶ್ಚರ್ಯವಿಲ್ಲ.

ಪವರ್ ಕೇಬಲ್ ಕೀಳಿ. ಕಿತ್ತ ಮೇಲೂ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಚಾರ್ಜ್ ಇಳಿಯಲಿ. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಪಕ್ಕದ ಮುಚ್ಚಳ ಜಾರಿ ಬರುತ್ತದೆ. ಸ್ಕ್ರೂಗಳನ್ನು ಎಣಿಸಿ ಒಂದು ಬಟ್ಟಲಲ್ಲಿ ಹಾಕಿಡಿ. ಯಾವ ವೈರ್ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ನೆನಪಿರುತ್ತದೆ ಅನಿಸುತ್ತದೆ, ಇರುವುದಿಲ್ಲ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್, ಅಂದರೆ ಸ್ಥಿರ ವಿದ್ಯುತ್, ಚಿಪ್‌ಗಳಿಗೆ ಆಗುವುದಿಲ್ಲ.

ದೂಳಿಗೆ ಬಣ್ಣ ಹಚ್ಚುವ ಮೃದು ಬ್ರಷ್ ಸಾಕು. ಬ್ಲೋವರ್ ಬಳಸುವುದಾದರೆ ಫ್ಯಾನ್ ಎಲೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಅದು ಬುರ್ ಅಂತ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಹಾಗೇ ಎಲ್ಲ ಭಾಗ ಜೋಡಿಸುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡ್ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ನೋಡಿ. ತಲೆ ಚಪ್ಪಟೆಯಾಗಿದ್ದರೆ ಸರಿ. ಉಬ್ಬಿದ್ದರೆ ಅಥವಾ ಸೋರಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಬೆಸುಗೆ ಬಲ್ಲವರ ಕೆಲಸ. ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದು ಜೋರಾಗಿ ಶಾಕ್ ಹೊಡೆಯಬಲ್ಲದು. ಕೆಲವು ಹಳೇ ಎಸ್‌ಎಂಪಿಎಸ್‌ಗಳ ಹಿಂದೆ 115, 230 ಅಂತ ಬರೆದ ಸಣ್ಣ ಸ್ವಿಚ್ ಇರುತ್ತದೆ. 230 ವೋಲ್ಟ್ ಬರುವ ಕಡೆ ಅದು 115ರಲ್ಲಿದ್ದರೆ ಮೊದಲ ಪ್ರಯತ್ನವೇ ಕೊನೆಯದು.

ರ‍್ಯಾಮ್ ಮತ್ತು ರಬ್ಬರ್

ನನ್ನ ಹಳೇ ಯಂತ್ರ ಆನ್ ಮಾಡಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡೇ ಹೋಯಿತು ಅಂದುಕೊಂಡು ಒಂದು ವಾರ ಬೇಜಾರು ಮಾಡಿಕೊಂಡಿದ್ದೆ. ಕೊನೆಗೆ ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಉದ್ದನೆ ಪಟ್ಟಿ) ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಿದೆ. ಬಂತು! ಅಲ್ಲಿ ಕೂತ ಕೊಳೆ ಸಂಪರ್ಕ ತಪ್ಪಿಸುತ್ತದೆ, ಅಷ್ಟೇ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ಎರಡೂ ಬದಿಯ ಕ್ಲಿಪ್ ಟಕ್ ಅನ್ನುವವರೆಗೂ ಒತ್ತಬೇಕು.

ಅಲ್ಲೇ ನಾಣ್ಯದಂಥ ಬ್ಯಾಟರಿ ಕಾಣುತ್ತದೆ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಅದು ಸತ್ತಿರುತ್ತದೆ, ಸುಮ್ನೆ ಹೊಸದು ಹಾಕಿ. ಗಡಿಯಾರ ನಡೆಸುವುದು ಅದೇ. ದಿನಾಂಕ ತಪ್ಪಿದ್ದರೆ ಬ್ರೌಸರ್ ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರ ಒಪ್ಪುವುದಿಲ್ಲ. ಇಂಟರ್‌ನೆಟ್ ಇದ್ದರೂ ಒಂದು ಪುಟವೂ ತೆರೆಯದೆ ಅನೇಕರು ತಲೆ ಕೆಡಿಸಿಕೊಳ್ಳುವುದು ಈ ಕಾರಣಕ್ಕೇ.

ಈಗ ಸ್ವಿಚ್ ಒತ್ತಿ. ಮಾನಿಟರ್, ಕೀಬೋರ್ಡ್ ಬಿಟ್ಟು ಬೇರೇನೂ ಜೋಡಿಸಬೇಡಿ. ಪರದೆ ಬರದೆ ಬೀಪ್ ಶಬ್ದ ಬಂದರೆ ಎಷ್ಟು ಸಲ ಅಂತ ಎಣಿಸಿ. ಯಾವ ಭಾಗದಲ್ಲಿ ತೊಂದರೆ ಅನ್ನುವುದು ಮದರ್‌ಬೋರ್ಡ್ ಕೈಪಿಡಿಯಲ್ಲಿ ಸಿಗುತ್ತದೆ. ಆನ್ ಆಗಿ ಕೆಲವೇ ನಿಮಿಷಕ್ಕೆ ತಾನೇ ಆಫ್ ಆದರೆ ಬಿಸಿ ಜಾಸ್ತಿಯಾಗುತ್ತಿದೆ ಅನ್ನುವ ಅನುಮಾನ ಮೊದಲು ಬರಬೇಕು. ಪ್ರೊಸೆಸರ್ ಮೇಲಿನ, ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಒರೆಸಿ, ಕಾಳುಮೆಣಸಿನಷ್ಟು ಹೊಸದು ಹಾಕಿದರೆ ಸಾಕು.

ಕಂಪ್ಯೂಟರ್ ಶುರುವಾಯಿತು ಅಂದರೆ ಮೊದಲು ಹಳೇ ಫೋಟೊ, ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಬೇರೆಲ್ಲಾ ಆಮೇಲೆ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ತಕ್ಷಣ ಆಫ್ ಮಾಡಿ. ಅದನ್ನು ಓಡಿಸಿದಷ್ಟೂ ಒಳಗಿರುವುದು ಹಾಳಾಗುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್‌ಗೆ ಮಾಡಿ. ಕಂಪ್ಯೂಟರ್ ನಿಧಾನ ಅನ್ನುವ ದೂರು ಬಹುಪಾಲು ತಿರುಗುವ ಹಾರ್ಡ್ ಡಿಸ್ಕ್‌ನದ್ದೇ. ಡಿಸ್ಕ್‌ಗೆ ಸಣ್ಣ ಸಾಟಾ ಕೇಬಲ್ ಇದ್ದರೆ 2.5 ಇಂಚಿನ ಎಸ್‌ಎಸ್‌ಡಿ ನೇರ ಕೂರುತ್ತದೆ. ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ ಅನ್ನುವ ಹಳೇ ಜೋಡಣೆಯ ಕಾಲದ್ದು, ನೇರ ಜೋಡಿಸಲಾಗದು. ರ‍್ಯಾಮ್ ಕೊಳ್ಳುವಾಗಲೂ ಹುಷಾರು. ಡಿಡಿಆರ್2, ಡಿಡಿಆರ್3 ತಲೆಮಾರುಗಳೆರಡಕ್ಕೂ 240 ಪಿನ್. ನೋಡಲು ಒಂದೇ ಥರ, ಆದರೆ ಕಚ್ಚು ಇರುವ ಜಾಗ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇನ್ನು ಆಪರೇಟಿಂಗ್ ಸಿಸ್ಟಂ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಹಳೇ ಯಂತ್ರದಲ್ಲಿ ಅದೆಲ್ಲಿಂದ ಬರಬೇಕು? ನನ್ನ ಮತ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇಗೆ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಹಾಯಾಗಿರುತ್ತದೆ. ಪ್ರೊಸೆಸರ್ 64 ಬಿಟ್ ಆಗಿರಬೇಕು, ಇಂಟೆಲ್‌ನ ಹಳೇ ಕೋರ್ 2 ಡ್ಯುಯೊ ಆದರೂ ನಡೆಯುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಮಿಂಟ್ ಡೌನ್‌ಲೋಡ್ ಮಾಡಿ, ರೂಫಸ್ ಥರದ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ. ಆ ಪೆನ್‌ಡ್ರೈವ್‌ನಲ್ಲಿದ್ದದ್ದು ಪೂರ್ತಿ ಅಳಿಸಿಹೋಗುತ್ತದೆ, ಹಾಗಾಗಿ ಫೋಟೊ ಇಳಿಸಿದ್ದನ್ನೇ ಬಳಸಬೇಡಿ! ಹಳೇ ಯಂತ್ರಕ್ಕೆ ಅದನ್ನು ಚುಚ್ಚಿ, ಆನ್ ಮಾಡುವಾಗ ಎಫ್12 ಒತ್ತುತ್ತಿರಿ, ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಕೆಲವದರಲ್ಲಿ ಎಫ್2 ಅಥವಾ ಡಿಲೀಟ್ ಕೀ. ಇನ್‌ಸ್ಟಾಲ್ ಮಾಡದೆಯೇ ಮಿಂಟ್ ಓಡುತ್ತದೆ. ವೈಫೈ, ಶಬ್ದ, ಪ್ರಿಂಟರ್ ಎಲ್ಲ ಪರೀಕ್ಷಿಸಿ, ಹಿಡಿಸಿದರೆ ಮಾತ್ರ ಇನ್‌ಸ್ಟಾಲ್ ಒತ್ತಿ.

ಕೊನೆಗೆ ಮುಚ್ಚಳ. ಬಟ್ಟಲಿನ ಸ್ಕ್ರೂ ಎಣಿಸಿ. ಒಂದು ಮಿಕ್ಕಿದರೆ ಪರವಾಗಿಲ್ಲ, ಎಲ್ಲರಿಗೂ ಮಿಗುತ್ತದೆ. ಕಮ್ಮಿಯಾದರೆ ಮಾತ್ರ ಟಾರ್ಚ್ ಹಿಡಿದು ಮದರ್‌ಬೋರ್ಡ್ ಹಿಂದೆ ಹುಡುಕಿ. ಅದು ಸಿಗುವವರೆಗೂ ಪ್ಲಗ್ ಹಾಕಬೇಡಿ.